ಹಳೇ ಪಿಕ್ಚರ್ ಪೂರ್ತಿ ತೋರಿಸಿ ಸ್ವಾಮಿ

ಇಂಗ್ಲೆಂಡಿನಲ್ಲಿ ಬ್ಯಾಂಕ್ ಹಾಲಿಡೇ ಸೋಮವಾರ ಅಂದರೆ ಮಳೆ ಬರಲೇಬೇಕು, ಬ್ರೈಟನ್ ಕಡೆಗೆ ಹೋಗುವ ರಸ್ತೆ ಜಾಮ್ ಆಗಲೇಬೇಕು, ಮಧ್ಯಾಹ್ನ ಟೀವಿಯಲ್ಲಿ ಯಾವುದಾದರೂ ಹಳೇ ಪಿಕ್ಚರ್ ಬರಲೇಬೇಕು. ನಮ್ಮ ಅದೃಷ್ಟ ಚೆನ್ನಾಗಿದ್ದರೆ ಅದು ರೇಸ್ ಪಿಕ್ಚರ್ ಆಗಿರುತ್ತದೆ. ಹಳೇ ಕಾರುಗಳು, ತಗಡು ಡಬ್ಬದಂಥ ವಿಮಾನಗಳು, ದೊಡ್ಡ ಮೀಸೆ, ಕಣ್ಣಿಗೆ ಗಾಗಲ್ಸ್, ಗೆದ್ದವನಿಗೆ ದುಡ್ಡು. ನಾನು ಹಾಸನದವನು, ಈಗ ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಲಿ ಅನ್ನುವ ಊರಲ್ಲಿದ್ದೇನೆ. ಇಲ್ಲಿಗೆ ಬಂದ ಮೇಲೆ ಅಂಟಿದ ಚಟಗಳಲ್ಲಿ ಇದೂ ಒಂದು.

ರಜೆಯ ಮಧ್ಯಾಹ್ನಕ್ಕೆ ಇದಕ್ಕಿಂತ ಹೊಂದುವ ಜಾತಿಯ ಪಿಕ್ಚರ್ ಇನ್ನೊಂದಿಲ್ಲ. ಅರ್ಧ ಆದ ಮೇಲೆ ಬಂದು ಕೂತರೂ ಕಥೆ ಗೊತ್ತಾಗುತ್ತದೆ. ಎಲ್ಲರೂ ಅಲ್ಲಿಂದ ಹೊರಟಿದ್ದಾರೆ, ಇಲ್ಲಿಗೆ ಮುಟ್ಟಬೇಕು, ಮೀಸೆ ತಿರುವುವವನು ಮಧ್ಯೆ ಏನಾದರೂ ಕಿತಾಪತಿ ಮಾಡುತ್ತಾನೆ. ಅಷ್ಟೇ. ನಡುವೆ ಎದ್ದು ಹೋಗಿ ಚಹಾ ಮಾಡಿಕೊಂಡು ಬಂದರೂ ನಷ್ಟ ಇಲ್ಲ. ಮಕ್ಕಳಿಗೂ ಹಿಡಿಸುತ್ತದೆ, ಅಜ್ಜಂದಿರಿಗೂ ಹಿಡಿಸುತ್ತದೆ.

ಆದರೆ ಇವರು ಈ ಪಿಕ್ಚರ್‌ಗಳನ್ನು ತೋರಿಸುವ ರೀತಿ ನೋಡಿದಾಗಲೆಲ್ಲ ನಮ್ಮ ಹಳೇ ಕನ್ನಡ ಪಿಕ್ಚರ್‌ಗಳನ್ನು ನಮ್ಮವರು ಟೀವಿಯಲ್ಲಿ ತೋರಿಸುವ ರೀತಿ ನೆನಪಾಗಿ ಹೊಟ್ಟೆ ಉರಿಯುತ್ತದೆ. ಅದನ್ನು ಬರೆದು ಹಗುರಾಗೋಣ ಅಂತ ಕೂತಿದ್ದೇನೆ.

ಮೊದಲು 1953ರ 'ಜೆನೆವೀವ್' ಬಗ್ಗೆ ಹೇಳಬೇಕು. ಇಂಗ್ಲಿಷರಿಗೆ ಇದು ಮನೆಯ ಪಿಕ್ಚರ್. ಜೆನೆವೀವ್ ಅಂದರೆ ಹೀರೋಯಿನ್ ಅಲ್ಲ, ಕಾರಿನ ಹೆಸರು. 1904ರ ಡರಾಕ್ ಕಾರು. ಪ್ರತಿ ವರ್ಷ ನವೆಂಬರ್ ಮೊದಲ ಭಾನುವಾರ ಲಂಡನ್ನಿನಿಂದ ಬ್ರೈಟನ್‌ವರೆಗೆ ಹಳೇ ಕಾರುಗಳ ಓಟ ಇರುತ್ತದೆ. ಅಲನ್ ಅನ್ನುವ ಲಾಯರು ಹೆಂಡತಿಯನ್ನು ಕೂರಿಸಿಕೊಂಡು ಆ ಡರಾಕ್‌ನಲ್ಲಿ ಹೊರಡುತ್ತಾನೆ. ಅವನ ಗೆಳೆಯ ಆಂಬ್ರೋಸ್ ಒಂದು ಸ್ಪೈಕರ್ ಕಾರಿನಲ್ಲಿ ಹೊರಡುತ್ತಾನೆ. ಹೋಗುವಾಗಲೇ ಡರಾಕ್ ಮತ್ತೆ ಮತ್ತೆ ಕೆಟ್ಟು ನಿಲ್ಲುತ್ತದೆ. ಬ್ರೈಟನ್‌ನಲ್ಲಿ ಇಬ್ಬರಿಗೂ ಮಾತಿಗೆ ಮಾತು ಬೆಳೆದು, ವಾಪಸ್ ಹೋಗುವಾಗ ವೆಸ್ಟ್‌ಮಿನ್‌ಸ್ಟರ್ ಸೇತುವೆಯನ್ನು ಯಾರು ಮೊದಲು ಮುಟ್ಟುತ್ತಾರೋ ನೋಡೋಣ ಅಂತ ನೂರು ಪೌಂಡ್ ಬಾಜಿ ಕಟ್ಟುತ್ತಾರೆ. ಆಮೇಲೆ ನಡೆಯುವುದೆಲ್ಲ ಮಕ್ಕಳಾಟ. ಗಂಡಸರು ಇಬ್ಬರೂ ಕಿತ್ತಾಡುತ್ತಾರೆ, ಹೆಂಗಸರು ತಲೆ ಚಚ್ಚಿಕೊಳ್ಳುತ್ತಾರೆ.

ಇದರಲ್ಲಿ ನನಗೆ ಪ್ರಾಣವಾದ ದೃಶ್ಯ ರೇಸಿನದ್ದಲ್ಲ. ಸೇತುವೆ ಇನ್ನೇನು ಹತ್ತಿರ ಬಂತು, ಒಂದೊಂದು ಸೆಕೆಂಡೂ ಲೆಕ್ಕ. ಆಗ ಒಬ್ಬ ವಯಸ್ಸಾದವರು ಬಂದು ಕಾರಿನ ಪಕ್ಕ ನಿಂತು ಮಾತಿಗೆ ಶುರು ಮಾಡುತ್ತಾರೆ. ತಮ್ಮ ಹತ್ತಿರವೂ ಒಂದು ಕಾಲದಲ್ಲಿ ಇಂಥದ್ದೇ ಡರಾಕ್ ಇತ್ತು ಅಂತ ಹಳೇ ದಿನಗಳ ಕಥೆ ತೆಗೆಯುತ್ತಾರೆ. ಅಲನ್‌ಗೆ ಓಡಬೇಕು. ಆದರೂ ಓಡುವುದಿಲ್ಲ. ನಿಂತು ಕೇಳುತ್ತಾನೆ, ಒಂದು ದಿನ ನಿಮ್ಮನ್ನೂ ಕೂರಿಸಿಕೊಂಡು ಹೋಗುತ್ತೇನೆ ಅನ್ನುತ್ತಾನೆ. ಬಾಜಿ ಹೋದರೆ ಹೋಗಲಿ ಅಂತ ಹೆಂಡತಿ ಮುಖದಲ್ಲಿ ಮೊದಲ ಸಲ ಪ್ರೀತಿ ಕಾಣುತ್ತದೆ. ಕೊನೆಗೆ ಗೆಲ್ಲುವುದಾದರೂ ಹೇಗೆ? ಆಂಬ್ರೋಸನ ಸ್ಪೈಕರ್ ಚಕ್ರ ಟ್ರಾಮ್ ಹಳಿಯಲ್ಲಿ ಸಿಕ್ಕಿಕೊಂಡು ಎತ್ತಲೋ ಹೋಗಿಬಿಡುತ್ತದೆ. ಇತ್ತ ಡರಾಕ್ ಎಂಜಿನ್ ಸೇತುವೆಗೆ ನಾಲ್ಕು ಮಾರು ಇದೆ ಅನ್ನುವಾಗ ನಿಂತೇ ಹೋಗುತ್ತದೆ. ಆಮೇಲೆ ಬ್ರೇಕ್ ಬಿಟ್ಟು ತಾನಾಗೇ ಉರುಳಿಕೊಂಡು ಸೇತುವೆ ಮೇಲೆ ಬರುತ್ತದೆ. ಗೆದ್ದದ್ದು ಅಲನ್ ಅಲ್ಲ, ಕಾರು.

ಇನ್ನೊಂದು ತಮಾಷೆ. ಅಲನ್ ಪಾತ್ರ ಮಾಡಿದ ಜಾನ್ ಗ್ರೆಗ್ಸನ್‌ಗೆ ಕಾರು ಓಡಿಸಲು ಬರುತ್ತಿರಲಿಲ್ಲವಂತೆ. ಶೂಟಿಂಗ್‌ಗೋಸ್ಕರ ಕಲಿತದ್ದು. ಬ್ರೈಟನ್ ರಸ್ತೆ ಅಂತ ನಾವು ನೋಡುವುದರಲ್ಲಿ ಬಹುಪಾಲು ಪೈನ್‌ವುಡ್ ಸ್ಟುಡಿಯೋ ಸುತ್ತಮುತ್ತಲಿನ ಹಳ್ಳಿ ರಸ್ತೆ. ಕಾಸಿಲ್ಲದಾಗ ಎಲ್ಲ ದೇಶದ ಸಿನಿಮಾದವರೂ ಒಂದೇ.

ಆ ನಿಜವಾದ ಓಟ ಈಗಲೂ ನಮ್ಮ ಕ್ರಾಲಿಯ ಮೇಲೇ ಹೋಗುತ್ತದೆ. ಓಟ ಅನ್ನುತ್ತೇವೆ, ಆದರೆ ಪೈಪೋಟಿ ಇಲ್ಲ. ಸಂಜೆಯೊಳಗೆ ಬ್ರೈಟನ್ ಮುಟ್ಟಿದವರಿಗೆಲ್ಲ ಮೆಡಲ್. 1905ಕ್ಕಿಂತ ಮೊದಲು ತಯಾರಾದ ಗಾಡಿ ಆಗಿರಬೇಕು, ಅದೇ ಮುಖ್ಯ. ಒಂದು ಕಾಲದಲ್ಲಿ ಇಲ್ಲಿ ಮೋಟಾರು ಗಾಡಿಯ ಮುಂದೆ ಒಬ್ಬ ಮನುಷ್ಯ ನಡೆದುಕೊಂಡು ಹೋಗಬೇಕು ಅಂತ ಕಾನೂನಿತ್ತು. 1896ರಲ್ಲಿ ಅದನ್ನು ತೆಗೆದು ವೇಗದ ಮಿತಿಯನ್ನು ಗಂಟೆಗೆ 14 ಮೈಲಿಗೆ ಏರಿಸಿದರು. ಆ ಖುಷಿಗೆ ಆ ವರ್ಷದ ನವೆಂಬರ್ 14ರಂದು ಬ್ರೈಟನ್‌ಗೆ ಗಾಡಿ ಓಡಿಸಿದರು. ಅದರ ನೆನಪಿಗೆ ಇವತ್ತಿಗೂ ಹೈಡ್ ಪಾರ್ಕಿನಲ್ಲಿ ಬೆಳಗಿನ ಜಾವ, ಮುಂದೆ ನಡೆಯುವವನು ಮೊದಲು ಹಿಡಿಯುತ್ತಿದ್ದಂಥ ಕೆಂಪು ಬಾವುಟ ಹರಿದು ಹೊರಡುತ್ತಾರೆ. ಕ್ರಾಲಿಗೆ ಬರುವ ಹೊತ್ತಿಗೆ ಅವರ ಗತಿ ನೋಡಬೇಕು. ಹಿತ್ತಾಳೆ ದೀಪದ ಮೇಲೆಲ್ಲ ಕೆಸರು. ಮೇಲೆ ಚಾವಣಿ ಇಲ್ಲ, ಮುಂದೆ ಗಾಜಿಲ್ಲ, ಕಂಬಳಿ ಹೊದ್ದು ಕೂತಿರುತ್ತಾರೆ. ಮೂಗಿನ ತುದಿ ಟೊಮೆಟೊ. ಗಾಡಿ ನಿಲ್ಲಿಸಿದರೆ ಮತ್ತೆ ಶುರುವಾಗುತ್ತೋ ಇಲ್ಲವೋ ಅಂತ ಎಂಜಿನ್ ಆಫ್ ಮಾಡದೆ ಒಬ್ಬರು ಕಾಯುತ್ತಾರೆ, ಇನ್ನೊಬ್ಬರು ಓಡಿಹೋಗಿ ಕಾಫಿ ತರುತ್ತಾರೆ. ಗಾಡಿಯ ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಿರುತ್ತದೆ. ಮ್ಯೂಸಿಯಂನಲ್ಲಿ ಹಗ್ಗ ಕಟ್ಟಿ ಇಡಬೇಕಾದ ವಸ್ತುವನ್ನು ಇವರು ಕೊರೆಯುವ ಚಳಿಯಲ್ಲಿ ಬಸ್ಸು ಲಾರಿಗಳ ಮಧ್ಯೆ ಓಡಿಸುತ್ತಾರೆ.

ಪಿಕ್ಚರ್ ವಿಷಯದಲ್ಲೂ ಇವರದ್ದು ಇದೇ ಧೋರಣೆ. ಹಳೆಯದು ಅಂತ ಪೂಜೆಗೆ ಇಡುವುದಿಲ್ಲ. ಬಳಸುತ್ತಾರೆ. ಬಳಸಬೇಕಾದರೆ ಸುಸ್ಥಿತಿಯಲ್ಲಿ ಇಟ್ಟುಕೊಳ್ಳಲೇಬೇಕು, ಅಲ್ವಾ?

1965ರಲ್ಲಿ ಬಂದ ವಿಮಾನದ ರೇಸಿನ ಪಿಕ್ಚರ್ ಒಂದಿದೆ, 'ದೋಸ್ ಮ್ಯಾಗ್ನಿಫಿಸೆಂಟ್ ಮೆನ್ ಇನ್ ದೆಯರ್ ಫ್ಲೈಯಿಂಗ್ ಮಷೀನ್ಸ್'. ಕೆನ್ ಅನಾಕಿನ್ ನಿರ್ದೇಶನ. 1910ರಲ್ಲಿ ಲಂಡನ್ನಿನಿಂದ ಪ್ಯಾರಿಸ್‌ಗೆ ವಿಮಾನ ಹಾರಿಸಿದವರಿಗೆ ಹತ್ತು ಸಾವಿರ ಪೌಂಡ್ ಅಂತ ಒಬ್ಬ ಪೇಪರ್ ಮಾಲೀಕ ಬಹುಮಾನ ಇಡುತ್ತಾನೆ. ಜರ್ಮನ್ ಅಧಿಕಾರಿಯೊಬ್ಬ ವಿಮಾನ ಹಾರಿಸುವುದನ್ನು ಪುಸ್ತಕ ಓದಿ ಕಲಿಯುತ್ತಾ ಹಾರುತ್ತಾನೆ. ಆ ಸೀನ್ ಬಂದಾಗ ನನ್ನ ಮಗಳು ಇವತ್ತಿಗೂ ಸೋಫಾದಿಂದ ಉರುಳಿ ಬೀಳುತ್ತಾಳೆ. ಇದಕ್ಕಾಗಿ ಆ ಕಾಲದ ಮಾದರಿಯಲ್ಲೇ ಹೊಸದಾಗಿ ವಿಮಾನ ಕಟ್ಟಿ ನಿಜವಾಗಿಯೂ ಹಾರಿಸಿದರು. ಡೆಮೊಸೆಲ್ ಅನ್ನುವ ಪುಟ್ಟ ವಿಮಾನ ಗಂಡಸರ ತೂಕಕ್ಕೆ ಏಳಲಿಲ್ಲ. ಯುದ್ಧಕಾಲದಲ್ಲಿ ವಿಮಾನ ಹಾರಿಸಿದ್ದ ಜೋನ್ ಹ್ಯೂಸ್ ಅನ್ನುವ ಹಗುರ ಮೈಕಟ್ಟಿನ ಪೈಲಟ್ ಕೂತಳು, ಎದ್ದಿತು. ಆ ಪಿಕ್ಚರ್‌ಗೆ ಮಾಡಿದ ಬಾಕ್ಸ್‌ಕೈಟ್ ಮತ್ತು ಆವ್ರೋ ಟ್ರೈಪ್ಲೇನ್ ಬೆಡ್‌ಫರ್ಡ್‌ಶೈರಿನ ಶಟಲ್‌ವರ್ತ್ ಸಂಗ್ರಹದಲ್ಲಿವೆ. ಗಾಳಿ ಇಲ್ಲದ ಬೇಸಿಗೆ ಸಂಜೆ ಈಗಲೂ ಹಾರಿಸುತ್ತಾರೆ.

ಅದೇ ವರ್ಷ ಅಮೆರಿಕದಲ್ಲಿ ಬ್ಲೇಕ್ ಎಡ್ವರ್ಡ್ಸ್ 'ದ ಗ್ರೇಟ್ ರೇಸ್' ತೆಗೆದ. ನ್ಯೂಯಾರ್ಕಿನಿಂದ ಪ್ಯಾರಿಸ್‌ಗೆ ಕಾರಿನಲ್ಲಿ. ಟೋನಿ ಕರ್ಟಿಸ್ ತಲೆಯಿಂದ ಕಾಲಿನವರೆಗೆ ಬಿಳಿ, ಜ್ಯಾಕ್ ಲೆಮನ್ ಪೂರ್ತಿ ಕಪ್ಪು, ಮಧ್ಯದಲ್ಲಿ ನಟಾಲಿ ವುಡ್. ಮಂಜುಗಡ್ಡೆ ಮೇಲೆ ಕಾರು ತೇಲುತ್ತದೆ, ಸಾವಿರಾರು ಕ್ರೀಮ್ ಪೈ ಮುಖಕ್ಕೆ ಬೀಳುತ್ತವೆ. ಚೂರು ಉದ್ದ ಜಾಸ್ತಿ ಆಯಿತು ಅನ್ನುವುದು ನನ್ನ ಅಭಿಪ್ರಾಯ. ಆದರೆ ಇದರ ಹಿಂದಿರುವ ನಿಜವಾದ ರೇಸು ಪಿಕ್ಚರ್‌ಗಿಂತ ಚೆನ್ನಾಗಿದೆ. 1908ರ ಫೆಬ್ರವರಿ 12ರಂದು ಟೈಮ್ಸ್ ಸ್ಕ್ವೇರ್‌ನಿಂದ ಆರು ಕಾರು ಹೊರಟವು. ಮೂರು ಫ್ರೆಂಚ್, ಒಂದು ಜರ್ಮನ್, ಒಂದು ಇಟಾಲಿಯನ್, ಒಂದು ಅಮೆರಿಕದ್ದು. ಜರ್ಮನಿಯ ಪ್ರೋಟೋಸ್ ಜುಲೈ 26ಕ್ಕೇ ಪ್ಯಾರಿಸ್ ಮುಟ್ಟಿತು. ದಾರಿಯಲ್ಲಿ ರೈಲಿಗೆ ಹಾಕಿಸಿಕೊಂಡಿದ್ದಕ್ಕೆ ದಂಡ ಬಿತ್ತು. ನಾಲ್ಕು ದಿನ ಬಿಟ್ಟು ಬಂದ ಅಮೆರಿಕದ ಥಾಮಸ್ ಫ್ಲೈಯರ್ ಗೆದ್ದಿತು. ಅರ್ಧ ಭೂಮಿ ಸುತ್ತಿ ಬಂದವರನ್ನು ಪ್ಯಾರಿಸ್ಸಿನ ಪೊಲೀಸಪ್ಪ ತಡೆದು ನಿಲ್ಲಿಸಿದ. ಯಾಕೆ? ಹೆಡ್‌ಲೈಟ್ ಇಲ್ಲ! ಆಮೇಲೆ ಯಾರೋ ಸೈಕಲ್‌ನವನ ದೀಪ ಪಡೆಯಬೇಕಾಯಿತು. ಸೈಕಲ್ಲನ್ನೇ ಎತ್ತಿ ಕಾರಿಗೆ ಹಾಕಿಕೊಂಡು ಹೋದರು ಅಂತ ಕಥೆ. ನಮ್ಮ ಟ್ರಾಫಿಕ್ ಪೊಲೀಸರನ್ನು ಸುಮ್ನೆ ಬೈಯುತ್ತೇವೆ.

ಈಗ ಟೀವಿಗೆ ಬರುತ್ತೇನೆ. ರೇಸ್ ಪಿಕ್ಚರ್‌ಗೆ ಬೇಕಾಗುವುದು ಅಗಲ. ಮುಂದಿರುವವನೂ ಹಿಂದಿರುವವನೂ ಒಂದೇ ಚೌಕಟ್ಟಿನಲ್ಲಿ ಕಂಡರೆ ಮಾತ್ರ ಎದೆ ಡವಡವ ಅನ್ನುತ್ತದೆ. ವಿಮಾನದ ರೇಸಿನ ಪಿಕ್ಚರ್ ತೆಗೆದದ್ದು ಟಾಡ್-ಎಓ ಪದ್ಧತಿಯಲ್ಲಿ, ಎತ್ತರ 1 ಆದರೆ ಅಗಲ 2.2. ಹಳೇ ಡಬ್ಬಾ ಟೀವಿಯಲ್ಲಿ ಎತ್ತರ 3 ಆದರೆ ಅಗಲ 4. ಆ ಪಿಕ್ಚರನ್ನು ಈ ಟೀವಿ ತುಂಬ ತುಂಬಿಸಿದರೆ ನೂರಕ್ಕೆ 40ರಷ್ಟು ಚಿತ್ರ ಹೊರಗೆ ಹೋಗುತ್ತದೆ. 1959ರ 'ಬೆನ್-ಹರ್' ಇನ್ನೂ ಅಗಲ. ಅದರ ರಥದ ರೇಸಿನಲ್ಲಿ ಒಂದೊಂದು ರಥಕ್ಕೆ ನಾಲ್ಕು ಕುದುರೆ. ಅದನ್ನು ಡಬ್ಬಾ ಟೀವಿಗೆ ಕತ್ತರಿಸಿದರೆ ಅರ್ಧಕ್ಕಿಂತ ಜಾಸ್ತಿ ಕಾಣೆ. ಯಾರ ಪಕ್ಕ ಯಾರು ಓಡುತ್ತಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ. ಇಲ್ಲಿಯೂ ಒಂದು ಕಾಲದಲ್ಲಿ ಹಾಗೆ ಕತ್ತರಿಸುತ್ತಿದ್ದರು. ಈಗ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಟ್ಟು ಪೂರ್ತಿ ತೋರಿಸುತ್ತಾರೆ. ಕಪ್ಪು ಪಟ್ಟಿ ನೋಡಿ ಜನ ಬೇಜಾರು ಮಾಡಿಕೊಂಡು ಚಾನೆಲ್ ಬದಲಾಯಿಸಲಿಲ್ಲ.

ನಮ್ಮ ಹಳೇ ಕನ್ನಡ ಪಿಕ್ಚರ್‌ಗಳ ಕಷ್ಟ ಇದಕ್ಕೆ ಉಲ್ಟಾ. 1954ರ 'ಬೇಡರ ಕಣ್ಣಪ್ಪ' ಇರಲಿ, 1965ರ 'ಸತ್ಯ ಹರಿಶ್ಚಂದ್ರ' ಇರಲಿ, ಆಗಿನ ಚೌಕಟ್ಟು ಹೆಚ್ಚುಕಡಿಮೆ ಚೌಕ. ಈಗಿನ ಟೀವಿ ಅಗಲ. ಎಡಬಲಕ್ಕೆ ಕಪ್ಪು ಪಟ್ಟಿ ಬಿಟ್ಟರೆ ಮುಗಿಯಿತು. 'ಜೆನೆವೀವ್' ಕೂಡ ಅದೇ ಅಳತೆಯದ್ದು, ಇಲ್ಲಿ ಹಾಗೇ ಬಿಡುತ್ತಾರೆ. ನಮ್ಮಲ್ಲಿ ಬಿಡುವುದಿಲ್ಲ. ಒಂದೋ ಅಗಲಕ್ಕೆ ಎಳೆಯುತ್ತಾರೆ, ತೆಳ್ಳಗಿದ್ದ ಅಣ್ಣಾವ್ರು ದಪ್ಪ ಆಗುತ್ತಾರೆ. ಇಲ್ಲವೇ ಜೂಮ್ ಮಾಡುತ್ತಾರೆ, ಮೇಲಿನಿಂದ ಕೆಳಗಿನಿಂದ ಸೇರಿ ಕಾಲು ಭಾಗ ಚಿತ್ರ ಹೋಗುತ್ತದೆ. ಕಿರೀಟ ಇದ್ದರೆ ಕಿರೀಟ ಇಲ್ಲ. ನಾಟ್ಯದ ಸೀನಿನಲ್ಲಿ ಗೆಜ್ಜೆ ಸದ್ದು ಕೇಳುತ್ತದೆ, ಗೆಜ್ಜೆ ಕಟ್ಟಿದ ಕಾಲು ಕಾಣುವುದಿಲ್ಲ. ಉಳಿದ ಮುಕ್ಕಾಲರ ಮೇಲೆ ಮೂಲೆಯಲ್ಲಿ ಲೋಗೋ, ಇನ್ನೊಂದು ಮೂಲೆಯಲ್ಲಿ ಸಂಜೆ ಧಾರಾವಾಹಿಯ ಗೊಂಬೆ, ಕೆಳಗೆ ಓಡುವ ಪಟ್ಟಿ. ಹರಿಶ್ಚಂದ್ರ ಸ್ಮಶಾನ ಕಾಯುತ್ತಿರುವಾಗ ಕೆಳಗೆ ಬಟ್ಟೆ ಅಂಗಡಿಯ ಆಷಾಢ ಡಿಸ್ಕೌಂಟ್ ಓಡುತ್ತಿರುತ್ತದೆ.

ಜಾಹೀರಾತಿನ ಕಥೆ ಎಲ್ಲರಿಗೂ ಗೊತ್ತು, ಜಾಸ್ತಿ ಹೇಳುವುದಿಲ್ಲ. ಇಂಡಿಯಾದಲ್ಲೂ ಗಂಟೆಗೆ 12 ನಿಮಿಷ ಅಂತ ನಿಯಮ ಇದೆ. ಇಂಗ್ಲೆಂಡಿನಲ್ಲಿ ಪಿಕ್ಚರ್ ತೋರಿಸುವಾಗ ಅರ್ಧ ಗಂಟೆಗೆ ಒಂದೇ ಬ್ರೇಕ್ ಅಂತ ಟೀವಿಯವರ ಮೇಲೆ ಕಣ್ಣಿಡುವ ಆಫ್‌ಕಾಮ್ ಸಂಸ್ಥೆ ಕಟ್ಟಳೆ ಮಾಡಿದೆ. ಬಿಬಿಸಿಯಲ್ಲಂತೂ ಬ್ರೇಕೇ ಇಲ್ಲ. ನನಗೆ ಬ್ರೇಕಿಗಿಂತ ಹೆಚ್ಚು ಸಿಟ್ಟು ಬರುವುದು ಬ್ರೇಕ್ ಎಲ್ಲಿ ಹಾಕುತ್ತಾರೆ ಅನ್ನುವುದಕ್ಕೆ. ಕಳೆದ ಸಲ ಹಾಸನಕ್ಕೆ ಹೋದಾಗ ಅಮ್ಮನ ಜೊತೆ 'ಬಂಗಾರದ ಮನುಷ್ಯ' ನೋಡಿದೆ. ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ನಡೆದ ಪಿಕ್ಚರ್ ಅದು. ಕೊನೆಯಲ್ಲಿ ರಾಜೀವ ಎಲ್ಲ ಬಿಟ್ಟು ಹೊರಡುತ್ತಾನೆ. ಆ ಹೆಜ್ಜೆ ಇಡುತ್ತಿದ್ದಂತೆ ಟಕ್ ಅಂತ ಕತ್ತರಿಸಿ ಸೋಪಿನ ಜಾಹೀರಾತು ಹಾಕಿದರು. ಮುಗಿದ ಮೇಲೆ ನೇರ ಮುಂದಿನ ಕಾರ್ಯಕ್ರಮ. ಶುಭಂ ಕಾರ್ಡೂ ಇಲ್ಲ.

"ಅಮ್ಮಾ, ನಿನಗೆ ಕಿರಿಕಿರಿ ಆಗಲ್ವಾ?" ಅಂದೆ.

"ಅಡ್ವಟೈಸ್ ಬರದೆ ಹೋದ್ರೆ ಒಗ್ಗರಣೆ ಯಾವಾಗ ಹಾಕ್ಲೋ? ಕಥೆ ನಂಗೇನು ಗೊತ್ತಿಲ್ವಾ?" ಅಂದರು.

ಇದಕ್ಕೆ ಉತ್ತರ ಕೊಡುವುದು ಕಷ್ಟ. ಅಮ್ಮ ಆ ಪಿಕ್ಚರನ್ನು ಟಾಕೀಸಿನಲ್ಲಿ ಪೂರ್ತಿ ನೋಡಿದವರು. ಕತ್ತರಿಸಿದ್ದನ್ನು ತಲೆಯೊಳಗೇ ತುಂಬಿಕೊಳ್ಳುತ್ತಾರೆ. ನನ್ನ ಮಗಳು ಏನು ತುಂಬಿಕೊಳ್ಳಬೇಕು? ಅವಳಿಗೆ ಸಿಕ್ಕಿರುವುದು ಈ ಹರುಕು ತುಂಡೇ.

ಈ ವಿಷಯ ಎತ್ತಿದಾಗೆಲ್ಲ ಗೆಳೆಯರು ಹೇಳುವುದು ಒಂದೇ. ಅಲ್ಲಿ ಬಿಬಿಸಿ ನಡೆಸಲು ಟೀವಿ ಲೈಸೆನ್ಸ್ ಫೀ ಕೊಡುತ್ತೀರಿ ಮಾರಾಯ, ಇಲ್ಲಿ ಚಾನೆಲ್‌ನವರು ಟಿಆರ್‌ಪಿ ನೋಡಬೇಕು. ನಿಜ, ನಾವು ವರ್ಷಾ ವರ್ಷಾ ಕಟ್ಟುತ್ತೇವೆ, 2025ರ ಏಪ್ರಿಲ್‌ನಲ್ಲಿ ಅದು 174.50 ಪೌಂಡ್ ಆಗಿತ್ತು. ಸುಮ್ಮನೆ ಕಟ್ಟುವುದಿಲ್ಲ, ಗೊಣಗಿಕೊಂಡು ಕಟ್ಟುತ್ತೇವೆ. ಆದರೆ ಈ ಮಾತು ಪೂರ್ತಿ ನಿಲ್ಲುವುದಿಲ್ಲ. ಇಲ್ಲಿ ಟಾಕಿಂಗ್ ಪಿಕ್ಚರ್ಸ್ ಟೀವಿ ಅಂತ ಒಂದು ಚಾನೆಲ್ ಇದೆ. 2015ರಲ್ಲಿ ಶುರುವಾಯಿತು. ನೋಯಲ್ ಕ್ರೋನಿನ್ ಮತ್ತು ಅವರ ಮಗಳು ಹರ್ಟ್‌ಫರ್ಡ್‌ಶೈರಿನ ತಮ್ಮ ಮನೆಯಿಂದಲೇ ನಡೆಸಲು ಹೊರಟದ್ದು. ಲೈಸೆನ್ಸ್ ದುಡ್ಡಿಲ್ಲ, ಜಾಹೀರಾತಿನ ದುಡ್ಡೇ. ಯಾರೂ ಕೇಳದ ಕಪ್ಪು ಬಿಳುಪು ಪಿಕ್ಚರ್‌ಗಳನ್ನು ಹುಡುಕಿ ತಂದು ಹಗಲೂ ರಾತ್ರಿ ಹಾಕುತ್ತಾರೆ. ವಯಸ್ಸಾದವರ ಮನೆಗೆ ಹೋದರೆ ಟೀವಿಯಲ್ಲಿ ಇದೇ ಚಾನೆಲ್. ನಮ್ಮ ಪಕ್ಕದ ಮನೆಯ ಅಜ್ಜ ತಾನು ಹುಡುಗನಾಗಿದ್ದಾಗ ನೋಡಿದ ಶನಿವಾರದ ಸೀರಿಯಲ್ ಇದರಲ್ಲಿ ಮತ್ತೆ ಸಿಕ್ಕಿತು ಅಂತ ಬೇಲಿ ಆಚೆಯಿಂದ ಕೂಗಿ ಹೇಳಿದ್ದ. ಒಂದು ಕುಟುಂಬ ಮಾಡುವ ಕೆಲಸವನ್ನು ನಮ್ಮ ದೊಡ್ಡ ದೊಡ್ಡ ಜಾಲಗಳಿಗೆ ಮಾಡಲು ಆಗುವುದಿಲ್ಲ ಅಂದರೆ ನಾನು ನಂಬುವುದಿಲ್ಲ.

ಅದಿರಲಿ, ಇಂಗ್ಲಿಷರಿಂದಲೇ ಕಲಿಯಬೇಕು ಅಂತಲೂ ಇಲ್ಲ. ನಮ್ಮ ದೂರದರ್ಶನವೇ ಇದನ್ನು ಮಾಡಿತ್ತು. ಭಾನುವಾರ ಮಧ್ಯಾಹ್ನ ಒಂದೊಂದು ವಾರ ಒಂದೊಂದು ಭಾಷೆಯ ಪ್ರಶಸ್ತಿ ಪಡೆದ ಪಿಕ್ಚರ್ ಬರುತ್ತಿತ್ತು, ಕೆಳಗೆ ಇಂಗ್ಲಿಷ್ ಅಕ್ಷರ. ಊಟ ಮಾಡಿ ನಿದ್ದೆ ಬರುವ ಹೊತ್ತು, ಅರ್ಧ ಜನ ನಿದ್ದೆಯೂ ಮಾಡುತ್ತಿದ್ದರು ಬಿಡಿ. ಆದರೂ ಹಾಸನದಂಥ ಊರಿನ ಹುಡುಗರು ಬಂಗಾಳಿ, ಮಲಯಾಳಂ, ಅಸ್ಸಾಮಿ ಪಿಕ್ಚರ್‌ಗಳ ಜೊತೆ ಗಿರೀಶ ಕಾಸರವಳ್ಳಿಯವರನ್ನೂ ನೋಡಿದ್ದು ಅಲ್ಲೇ. ಪಿಕ್ಚರ್ ನಡುವೆ ಪ್ರಸಾರ ನಿಂತು ಹೋದರೆ 'ರುಕಾವಟ್ ಕೇ ಲಿಯೇ ಖೇದ್ ಹೈ' ಅಂತ ಬೋರ್ಡ್ ಹಾಕುತ್ತಿದ್ದರು. ಅಡ್ಡಿ ಆದದ್ದಕ್ಕೆ ಕ್ಷಮೆ ಕೇಳುವ ಮರ್ಯಾದೆಯಾದರೂ ಇತ್ತು.

ಇಂಗ್ಲಿಷರನ್ನು ಹೊಗಳಿ ಅಟ್ಟಕ್ಕೇರಿಸುವುದೂ ನನ್ನ ಉದ್ದೇಶ ಅಲ್ಲ. ಇವರೂ ಕಳೆದುಕೊಂಡಿದ್ದಾರೆ. ಬಿಬಿಸಿಯವರು ಒಂದು ಕಾಲದಲ್ಲಿ ಟೇಪ್ ಉಳಿಸಲು ಹಳೇ ಕಾರ್ಯಕ್ರಮಗಳನ್ನು ಅಳಿಸಿ ಅದರ ಮೇಲೇ ಹೊಸದನ್ನು ತುಂಬಿಸಿದರು. 'ಡಾಕ್ಟರ್ ಹೂ' ಧಾರಾವಾಹಿಯ 90ಕ್ಕೂ ಹೆಚ್ಚು ಕಂತುಗಳು ಹಾಗೆ ಹೋಗಿ ಬಹಳ ವರ್ಷ ಹುಡುಕಾಟ ನಡೆದಿದೆ. ಈಗಲೂ ಪಿಕ್ಚರ್ ಮುಗಿಯುತ್ತಿದ್ದಂತೆ ಕೊನೆಯ ಹೆಸರುಗಳನ್ನು ಮೂಲೆಗೆ ಚಿಕ್ಕದು ಮಾಡಿ, ಮುಂದೆ ಏನು ಬರುತ್ತದೆ ಅಂತ ಮಾತಾಡುತ್ತಾರೆ. ಆ ವಿಮಾನದ ರೇಸಿನ ಪಿಕ್ಚರನ್ನೇ ನೋಡಿ. ಜರ್ಮನ್ ಅಂದರೆ ಮೊದ್ದ, ಇಟಲಿಯವನು ಅಂದರೆ ಮನೆ ತುಂಬ ಮಕ್ಕಳು, ಫ್ರೆಂಚ್ ಅಂದರೆ ಹೆಣ್ಣಿನ ಹಿಂದೆ. ಜಪಾನೀ ಪೈಲಟ್ ಪಾತ್ರ ಮಾಡಿದ ಇಶಿಹಾರಾ ಯೂಜಿರೋ ತನ್ನ ದೇಶದಲ್ಲಿ ದೊಡ್ಡ ಸ್ಟಾರ್. ಅವನ ದನಿ ತೆಗೆದು ಇಂಗ್ಲಿಷ್ ನಟ ಜೇಮ್ಸ್ ವಿಲಿಯರ್ಸ್ ದನಿ ಅಂಟಿಸಿದರು. ಹಾಗಂತ ಈಗ ಆ ಸೀನ್ ಕತ್ತರಿಸಿ ತೋರಿಸಲಿ ಅಂತ ನಾನು ಹೇಳುವುದಿಲ್ಲ. ಇರಲಿ, ಹೀಗಿದ್ದರು ಅಂತ ಗೊತ್ತಾಗಲಿ.

ಹೆಸರಿನ ವಿಷಯ ಬಂದದ್ದಕ್ಕೆ ಹೇಳುತ್ತೇನೆ. 'ಜೆನೆವೀವ್'ಗೆ ಸಂಗೀತ ಕೊಟ್ಟವನು ಲ್ಯಾರಿ ಆಡ್ಲರ್. ಇಡೀ ಪಿಕ್ಚರ್ ಅವನ ಮೌತ್ ಆರ್ಗನ್ ಮೇಲೇ ಓಡುತ್ತದೆ. ಆಡ್ಲರ್ ಅಮೆರಿಕದವನು. ಅಲ್ಲಿ ಕಮ್ಯುನಿಸ್ಟ್ ಬೇಟೆ ನಡೆಯುತ್ತಿದ್ದಾಗ ಕೆಲಸ ಕೊಡಬಾರದವರ ಪಟ್ಟಿಗೆ ಸೇರಿ ಇಂಗ್ಲೆಂಡಿಗೆ ಬಂದಿದ್ದ. ಅಮೆರಿಕಕ್ಕೆ ಹೋದ ಪ್ರಿಂಟುಗಳಲ್ಲಿ ಅವನ ಹೆಸರನ್ನೇ ತೆಗೆದರು. ಸಂಗೀತಕ್ಕೆ ಆಸ್ಕರ್ ನಾಮನಿರ್ದೇಶನ ಬಂದಾಗ ಅದು ಹೋದದ್ದು ಆರ್ಕೆಸ್ಟ್ರಾ ನಡೆಸಿದ ಮ್ಯೂರ್ ಮ್ಯಾಥಿಸನ್ ಹೆಸರಿಗೆ. ಎಷ್ಟೋ ವರ್ಷ ಆದ ಮೇಲೆ ಅಕಾಡೆಮಿ ತಿದ್ದಿತು. ಟೈಟಲ್ ಕಾರ್ಡಿನಿಂದ ಒಂದು ಹೆಸರು ತೆಗೆದರೆ ಇಷ್ಟಾಗುತ್ತದೆ. ನಮ್ಮಲ್ಲಿ ಟೈಟಲ್ ಕಾರ್ಡನ್ನೇ ಪೂರ್ತಿ ಹಾರಿಸುತ್ತಾರೆ. ಹೀರೋ ಯಾರು ಅಂತ ಗೊತ್ತು ತಾನೇ, ಇನ್ನೇನು ಬೇಕು? 'ಸಂಸ್ಕಾರ'ಕ್ಕೆ ಕ್ಯಾಮೆರಾ ಹಿಡಿದವನು ಟಾಮ್ ಕೋವನ್ ಅನ್ನುವ ಆಸ್ಟ್ರೇಲಿಯಾದವನು, 'ಘಟಶ್ರಾದ್ಧ'ಕ್ಕೆ ಎಸ್. ರಾಮಚಂದ್ರ. ಇದು ಗೊತ್ತಾಗಬೇಕಾದದ್ದು ಟೈಟಲ್ ಕಾರ್ಡಿನಲ್ಲೇ ಅಲ್ವಾ?

ಒಂದು ಕಡೆ ನಾವು ಇವರಿಗಿಂತ ಎಷ್ಟೋ ಮುಂದೆ. ನೋಡುವವರ ವಿಷಯದಲ್ಲಿ. ನನ್ನ ಆಫೀಸಿನಲ್ಲಿ ಮೂವತ್ತರ ಆಸುಪಾಸಿನ ಇಂಗ್ಲಿಷ್ ಹುಡುಗರಿಗೆ ಕೆನೆತ್ ಮೋರ್ ಯಾರು ಅಂದರೆ ಪಿಳಿಪಿಳಿ ಕಣ್ಣು ಬಿಡುತ್ತಾರೆ. ಆಂಬ್ರೋಸ್ ಪಾತ್ರ ಮಾಡಿದ ಇವನು ಆ ಕಾಲದ ದೊಡ್ಡ ನಟ. ನಮ್ಮಲ್ಲಿ? ಇಲ್ಲಿನ ಯುಗಾದಿ ಕಾರ್ಯಕ್ರಮಕ್ಕೆ ಹೋಗಿ, ಇಲ್ಲೇ ಹುಟ್ಟಿದ, ಕನ್ನಡ ಅರ್ಧಂಬರ್ಧ ಬರುವ ಹುಡುಗ ಕೂಡ ಚಾಮಯ್ಯ ಮೇಷ್ಟ್ರು ಅಂದರೆ ಅಶ್ವಥ್ ಥರ ಮುಖ ಮಾಡಿ ತೋರಿಸುತ್ತಾನೆ. 1972ರ 'ನಾಗರಹಾವು' ಪಿಕ್ಚರ್ ಅದು. ಡೈಲಾಗು ಬಾಯಿಪಾಠ, ಹಾಡು ಬಾಯಿಪಾಠ. ಇಲ್ಲಿ ಪಿಕ್ಚರ್ ಗಟ್ಟಿಮುಟ್ಟಾಗಿದೆ, ನೋಡುವವರಿಗೆ ವಯಸ್ಸಾಗುತ್ತಿದೆ. ಅಲ್ಲಿ ನೋಡುವವರು ತಯಾರಾಗಿ ಕೂತಿದ್ದಾರೆ, ಪಿಕ್ಚರ್ ಹರಿದು ಚಿಂದಿ. ಇಷ್ಟು ಅಭಿಮಾನ ಇರುವ ಕಡೆ ಇಷ್ಟು ಅಸಡ್ಡೆ ಹೇಗೆ ಅಂತ ನನಗೆ ಇನ್ನೂ ಅರ್ಥ ಆಗಿಲ್ಲ.

ಹಳೆಯದನ್ನು ಉಳಿಸಬೇಕು ಅಂದ ಕೂಡಲೇ ನಮ್ಮಲ್ಲಿ ಹೊಳೆಯುವುದು ಬಣ್ಣ ಬಳಿಯುವುದು. 'ಸತ್ಯ ಹರಿಶ್ಚಂದ್ರ' 2008ರಲ್ಲಿ ಬಣ್ಣದಲ್ಲಿ ಬಂತು, 'ಕಸ್ತೂರಿ ನಿವಾಸ' 2014ರಲ್ಲಿ. ಜನ ಟಾಕೀಸಿಗೆ ಹೋದರು, ಕಣ್ಣೀರು ಹಾಕಿದರು, ಒಳ್ಳೆಯದೇ. ಹಿಂದಿಯಲ್ಲೂ 'ನಯಾ ದೌರ್'ಗೆ ಹೀಗೇ ಮಾಡಿದರು. ಅದೂ ಒಂದು ರೇಸ್ ಪಿಕ್ಚರ್ ಅನ್ನಬಹುದು. ದಿಲೀಪ್ ಕುಮಾರ್ ಟಾಂಗಾ ಒಂದು ಕಡೆ, ಬಸ್ಸು ಇನ್ನೊಂದು ಕಡೆ, ಸೋತರೆ ಊರಿನ ಟಾಂಗಾದವರ ಹೊಟ್ಟೆಗೆ ಕಲ್ಲು. ನಾನು ನೋಡಿದ ರೇಸುಗಳಲ್ಲಿ ಇಷ್ಟು ದೊಡ್ಡ ಬಾಜಿ ಇನ್ಯಾವುದಕ್ಕೂ ಇಲ್ಲ, ನೂರು ಪೌಂಡೂ ಅಲ್ಲ ಹತ್ತು ಸಾವಿರ ಪೌಂಡೂ ಅಲ್ಲ. ಅದರಲ್ಲಿ ಧೂಳೇ ಅರ್ಧ ಅಭಿನಯ ಮಾಡುತ್ತದೆ, ಅದೂ ಕಪ್ಪು ಬಿಳುಪಿನಲ್ಲಿ. ಬಣ್ಣ ಬಳಿದದ್ದು ರಿಪೇರಿ ಅಲ್ಲ. ಗೀರು ತೆಗೆದು, ನೆಗೆಟಿವ್ ತೊಳೆದು, ದನಿ ಸರಿ ಮಾಡಿ ಮೊದಲಿದ್ದಂತೆ ಮಾಡುವುದು ಬೇರೆ ಕೆಲಸ. ಅದಕ್ಕೂ ನಮ್ಮಲ್ಲಿ ಉದಾಹರಣೆ ಇದೆ. 1977ರ 'ಘಟಶ್ರಾದ್ಧ'ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸೆ ಕಟ್ಟಿದ ಸಂಸ್ಥೆ ಸೇರಿ ಸರಿಪಡಿಸಿದವು. 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ವೆನಿಸ್ಸಿನವರು ನೋಡಿದ ಆ ಪ್ರಿಂಟು ಮಲೆನಾಡಿನ ಒಂದು ಮನೆಯ ಟೀವಿಯಲ್ಲೂ ಬರಬೇಕಲ್ಲ?

ತಡ ಮಾಡಿದರೆ ಏನಾಗುತ್ತದೆ ಅಂತ ನಮಗೆ ಗೊತ್ತು. 1934ರ 'ಸತಿ ಸುಲೋಚನ', ಕನ್ನಡದ ಮೊದಲ ಟಾಕಿ. ಅದರ ಪ್ರಿಂಟು ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಶುರುವಾದದ್ದೇ 1964ರಲ್ಲಿ, ಮೂವತ್ತು ವರ್ಷ ಆದ ಮೇಲೆ.

ನಾನು ಕೇಳುವುದು ದೊಡ್ಡದೇನಲ್ಲ. ಯಾವುದಾದರೂ ಒಂದು ಕನ್ನಡ ಚಾನೆಲ್ ಏಪ್ರಿಲ್ 24ರಂದು, ಅಣ್ಣಾವ್ರ ಹುಟ್ಟಿದ ದಿನ, ಒಂದೇ ಒಂದು ಪಿಕ್ಚರ್ ಹೀಗೆ ಹಾಕಲಿ. ಹೇಗೂ ಆ ದಿನ ಇಡೀ ದಿನ ಅವರ ಪಿಕ್ಚರ್‌ಗಳನ್ನೇ ಹಾಕುತ್ತಾರೆ. ಅದರಲ್ಲಿ ಒಂದು, 'ಬೇಡರ ಕಣ್ಣಪ್ಪ'ವೇ ಆಗಲಿ. ಎಡಕ್ಕೆ ಬಲಕ್ಕೆ ಕಪ್ಪು ಪಟ್ಟಿ ಬಿಡಲಿ. ಸಿಕ್ಕಿದ್ದರಲ್ಲಿ ಒಳ್ಳೆಯ ಪ್ರಿಂಟು ಹುಡುಕಲಿ. ಕೆಳಗೆ ಏನೂ ಓಡದಿರಲಿ. ಶುರುವಿಗೆ ಮೊದಲು ಗೊತ್ತಿರುವವರು ಯಾರಾದರೂ ಬಂದು ಎರಡು ನಿಮಿಷ ಮಾತಾಡಲಿ, ಆ ಕಾಲದಲ್ಲಿ ಎಲ್ಲಿ ಶೂಟಿಂಗ್ ಮಾಡಿದರು, ಯಾರು ಹಾಡಿದರು, ಯಾರು ಬೆಳಕು ಹಿಡಿದರು ಅಂತ. ಜಾಹೀರಾತು ಅರ್ಧ ಗಂಟೆಗೊಮ್ಮೆ ಬರಲಿ, ಬೇಡ ಅನ್ನುವುದಿಲ್ಲ, ಅಮ್ಮನಿಗೆ ಒಗ್ಗರಣೆ ಹಾಕಬೇಕು. ಟಿಆರ್‌ಪಿ ಬಿದ್ದರೆ ಮರುವರ್ಷ ಬಿಟ್ಟುಬಿಡಲಿ.